ಟ್ರಯಥ್ಲಾನ್: ಅಭ್ಯಾಸದ ದಿನಚರಿ

ಸಂತೆಕಲ್ಲೂರಿನ ಸುತ್ತಮುತ್ತಲಿನವರಿಗೆ ಸಿಂಧನೂರು–ರಾಯಚೂರು ರಸ್ತೆ ಅಪರಿಚಿತವಲ್ಲ. ಆ ರಸ್ತೆಯಲ್ಲಿ ಸಿಂಧನೂರಿನಿಂದ ರಾಯಚೂರಿಗೆ ಸೈಕಲ್ ತುಳಿದು ಹೋಗಿ ಮರಳಿ ಬಂದರೆ ಸುಮಾರು 180 ಕಿಲೋಮೀಟರುಗಳಾಗುತ್ತವೆ. ಇದಕ್ಕೆ ಮೊದಲು 3.8 ಕಿಲೋಮೀಟರು ಈಜಿ, ಅನಂತರ 42.2 ಕಿಲೋಮೀಟರು ಓಡಬೇಕು. ಇವೆಲ್ಲವೂ ಒಂದೇ ದಿನದಲ್ಲಿ ಮುಗಿಯಬೇಕು! ‘ಐರನ್‌ಮ್ಯಾನ್’ ಎಂದು ಹೆಸರಾದ ದೂರದ ಟ್ರಯಥ್ಲಾನ್ ಸ್ಪರ್ಧೆ ಇದೇ.

ಈ ಸ್ಪರ್ಧೆಯು ಮೊದಲು ನಡೆದುದು 1978ರಲ್ಲಿ, ಹವಾಯಿ ದ್ವೀಪಸಮೂಹದ ಓಆಹು ದ್ವೀಪದಲ್ಲಿ. ಈಜುಗಾರ, ಸೈಕಲ್ ಸವಾರ, ಓಟಗಾರ ಇವರಲ್ಲಿ ಯಾರು ಹೆಚ್ಚು ಗಟ್ಟಿಗರು ಎಂಬ ಚರ್ಚೆಯಿಂದ ಹುಟ್ಟಿದ ಪಂದ್ಯವದು. ಹೊರಟ ಹದಿನೈದು ಮಂದಿಯಲ್ಲಿ ಹನ್ನೆರಡು ಮಂದಿ ಗುರಿ ಮುಟ್ಟಿದರು. ಓಟದಲ್ಲಿ ಮುಂದಿದ್ದ ಜಾನ್ ಡನ್‌ಬಾರ್‌ನ ಸಂಗಡಿಗರ ಬಳಿ ನೀರು ಮುಗಿದುಹೋಯಿತು. ಗೆಲುವು ಗಾರ್ಡನ್ ಹಾಲರ್‌ನದಾಯಿತು.

ಇಷ್ಟು ದೂರವನ್ನು ಕ್ರಮಿಸುವ ಶಕ್ತಿ ಒಮ್ಮೆಲೇ ಬರುವುದಿಲ್ಲ. ಹೊಸದಾಗಿ ಅಭ್ಯಾಸಕ್ಕೆ ತೊಡಗಿದವರು ಉತ್ಸಾಹದ ಭರದಲ್ಲಿ ಪ್ರತಿದಿನವೂ ದಣಿಯುವವರೆಗೆ ಓಡುವುದುಂಟು. ಸ್ನಾಯುಗಳೂ ಮೂಳೆಗಳೂ ಬಲಗೊಳ್ಳುವುದು ಶ್ರಮಿಸುವಾಗ ಅಲ್ಲ, ಶ್ರಮದ ಅನಂತರದ ವಿಶ್ರಾಂತಿಯಲ್ಲಿ. ಉಸಿರು ಬೇಗ ಪಳಗುತ್ತದೆ. ಮೂಳೆ ಹಾಗೂ ಸ್ನಾಯುರಜ್ಜುಗಳು ಪಳಗಲು ತಿಂಗಳುಗಳೇ ಬೇಕು. ಈ ಅಂತರವನ್ನು ಅರಿಯದವರ ಮೊಣಕಾಲು ಕೆಲವೇ ವಾರಗಳಲ್ಲಿ ನೋಯತೊಡಗುತ್ತದೆ. ಆದ್ದರಿಂದ ಅನುಭವಿಗಳು ಬಹುಪಾಲು ಅಭ್ಯಾಸವನ್ನು ಪಕ್ಕದವರೊಡನೆ ಮಾತನಾಡಬಲ್ಲಷ್ಟು ನಿಧಾನವಾಗಿಯೇ ಮಾಡುತ್ತಾರೆ. ವಾರದಲ್ಲಿ ಒಂದು ದಿನ ಬಿಡುವು ಕೊಡುತ್ತಾರೆ. ರಜೆಯ ದಿನ ದೀರ್ಘ ಸೈಕಲ್ ಸವಾರಿ; ಅದರಿಂದ ಇಳಿದ ಕೂಡಲೇ ಸ್ವಲ್ಪ ಓಟ. ಆಗ ಕಾಲುಗಳು ಮರಗಟ್ಟಿದಂತಿರುತ್ತವೆ. ಆ ಭಾರಕ್ಕೆ ಒಗ್ಗಿಕೊಳ್ಳುವುದೂ ಅಭ್ಯಾಸದ ಒಂದು ಭಾಗವೇ.

ಸ್ನಾಯು ಮತ್ತು ಯಕೃತ್ತಿನಲ್ಲಿ ಶೇಖರವಾದ ಸಕ್ಕರೆಯ ಅಂಶವು ಬಿರುಸಿನ ದುಡಿಮೆಗೆ ಸುಮಾರು ಎರಡು ಗಂಟೆ ಸಾಲಬಹುದು. ಆದುದರಿಂದ ದಾರಿಯಲ್ಲಿಯೇ ಬಾಳೆಹಣ್ಣನ್ನೋ ಬೆಲ್ಲವನ್ನೋ ತಿಂದು ಅರಗಿಸಿಕೊಳ್ಳುವುದನ್ನೂ ಹೊಟ್ಟೆಗೆ ಕಲಿಸಬೇಕು. ರಾಯಚೂರು ಜಿಲ್ಲೆಯಂಥ ಬಿಸಿಲ ನಾಡಿನಲ್ಲಿ ಬೆವರಿನೊಡನೆ ಉಪ್ಪೂ ಹೊರಟುಹೋಗುತ್ತದೆ. ನೀರು ಸಾಲದಿದ್ದರೆ ಅಪಾಯ. ಉಪ್ಪಿಲ್ಲದೆ ಬರಿಯ ನೀರನ್ನು ಮಿತಿಮೀರಿ ಕುಡಿದರೂ ಅಪಾಯವೇ. ಬೇಸಿಗೆಯಲ್ಲಿ ಸೂರ್ಯ ಮೇಲೇರುವ ಮುನ್ನವೇ ಅಭ್ಯಾಸ ಮುಗಿಯುವುದು ಲೇಸು.

ಕಚೇರಿಯ ಕೆಲಸವನ್ನು ಬಿಡದೆ ಈ ದಿನಚರಿಗೆ ಹೊಂದಿಕೊಂಡವರು ಕನ್ನಡನಾಡಿನಲ್ಲಿಯೇ ಇದ್ದಾರೆ. ನೈಋತ್ಯ ರೈಲ್ವೆಯ ಲೆಕ್ಕಪತ್ರ ವಿಭಾಗದ ಅಧಿಕಾರಿ ಶ್ರೇಯಸ್ ಹೊಸೂರ್ ಅವರು 2022ರ ಜೂನ್ ತಿಂಗಳಲ್ಲಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಈ ದೂರವನ್ನು 13 ಗಂಟೆ 26 ನಿಮಿಷಗಳಲ್ಲಿ ಪೂರೈಸಿದರು. ಓಟ, ಸವಾರಿಗಳಿಗೆ ರಸ್ತೆಯಾದರೂ ಸಾಕು. ಈಜಿಗೆ ಕೊಳವೂ ಕಲಿಸುವವರೂ ಬೇಕು. ತುಂಗಭದ್ರಾ ಎಡದಂಡೆ ಕಾಲುವೆಯು ಅದಕ್ಕೆ ತಕ್ಕ ಸ್ಥಳವಲ್ಲ. ಮೇಲೆ ಶಾಂತವಾಗಿ ಕಾಣುವ ಅದರ ನೀರಿನ ಸೆಳೆತ ಬಲವಾದುದು. ಜಾರುವ ಇಳಿಜಾರು ದಂಡೆಯನ್ನು ಹಿಡಿದು ಮೇಲೇರುವುದು ನುರಿತ ಈಜುಗಾರನಿಗೂ ಕಷ್ಟ. ಪೂರ್ಣ ದೂರದ ಸ್ಪರ್ಧೆಗೆ ಹದಿನೆಂಟು ವರ್ಷ ತುಂಬಿದವರಿಗೆ ಮಾತ್ರ ಪ್ರವೇಶ. ಶಾಲಾಬಾಲಕರಿಗಾಗಿ ಚಿಕ್ಕ ದೂರಗಳ ಟ್ರಯಥ್ಲಾನ್‌ಗಳು ಬೇರೆಯೇ ಇವೆ.

ಸ್ಪರ್ಧೆಗೆ ಎರಡು ಮೂರು ವಾರಗಳಿರುವಾಗ ಅಭ್ಯಾಸದ ದೂರವನ್ನು ಕ್ರಮವಾಗಿ ತಗ್ಗಿಸುತ್ತಾರೆ. ತಿಂಗಳುಗಟ್ಟಲೆ ನಸುಕಿನಲ್ಲಿ ಎದ್ದು ರೂಢಿಯಾದವರಿಗೆ ಸುಮ್ಮನೆ ಕುಳಿತಿರುವ ಈ ದಿನಗಳೇ ಹೆಚ್ಚು ಕಠಿಣವೆನಿಸುತ್ತವೆ.