ಫ್ರಿಜ್ಜಿನೊಳಗಿನ ಆಂಪೂಲು, ಬೆನ್ನ ಮೇಲಿನ ಕೈ

ಪಾವಗಡ ಸೀಮೆಯ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ. ಹತ್ತು ಗಂಟೆಗೆಲ್ಲ ಅಂಗಳದ ಕಲ್ಲುಚಪ್ಪಡಿ ಕಾದುಹೋಗಿದೆ. ಹೊಂಗೆಮರದ ನೆರಳಲ್ಲಿ ನಾಲ್ವರು ಬಸುರಿಯರು ಕೂತಿದ್ದಾರೆ, ಎಲ್ಲರ ಕೈಯಲ್ಲೂ ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನ ಮಾಡಿದ ತಾಯಿ ಕಾರ್ಡು. ಚೊಚ್ಚಲ ಬಸುರಿಯೊಬ್ಬಳ ಜೊತೆ ಅವಳ ಅಜ್ಜಿ ಬಂದಿದ್ದಾರೆ.

“ನಾನು ಆರು ಹೆತ್ತೆ, ಆರೂ ಮನೇಲೇ. ಇವಳಿಗ್ಯಾಕೆ ಆಸ್ಪತ್ರೆ?” ಎಂದರು ಅಜ್ಜಿ.

ಆಶಾ ಕಾರ್ಯಕರ್ತೆ ವಾದಕ್ಕಿಳಿಯಲಿಲ್ಲ. “ಆರೂ ಉಳ್ಕಂಡ್ವಾ ಅಜ್ಜಿ?” ಎಂದಷ್ಟೇ ಕೇಳಿದರು.

ಅಜ್ಜಿ ಸೆರಗು ಸರಿಮಾಡಿಕೊಂಡರು. “ನಾಲ್ಕು.”

ಒಳಗೆ ಹೆರಿಗೆ ಕೋಣೆ ಚಿಕ್ಕದು. ಎರಡು ಮಂಚ, ನಡುವೆ ಪರದೆ. ಮೂಲೆಯಲ್ಲಿ ಕೂಸಿಗೆ ಶಾಖ ಕೊಡುವ ವಾರ್ಮರ್, ಹುಟ್ಟಿದ ತಕ್ಷಣ ಉಸಿರಾಡದ ಮಗುವಿಗೆ ಗಾಳಿ ಕೊಡಲು ಬ್ಯಾಗು ಮತ್ತು ಮಾಸ್ಕು. ನಾನು ಹೆಚ್ಚು ಹೊತ್ತು ನಿಂತದ್ದು ಫ್ರಿಜ್ಜಿನ ಮುಂದೆ. ಸಿಸ್ಟರ್ ಬಾಗಿಲು ತೆಗೆದು ಕಿರುಬೆರಳಿಗಿಂತ ಸಣ್ಣ ಗಾಜಿನ ಆಂಪೂಲೊಂದನ್ನು ಅಂಗೈಮೇಲಿಟ್ಟು ತೋರಿಸಿದರು. ಆಕ್ಸಿಟೋಸಿನ್. ಮಗು ಹೊರಬಂದ ಒಂದು ನಿಮಿಷದೊಳಗೆ ತಾಯಿಗೆ 10 ಯೂನಿಟ್ ಚುಚ್ಚುತ್ತಾರೆ. ಗರ್ಭಚೀಲ ಮುಷ್ಟಿ ಬಿಗಿದಂತೆ ಗಟ್ಟಿಯಾಗಿ, ಮಾಸು ಬಿಟ್ಟುಹೋದ ಜಾಗದ ರಕ್ತನಾಳಗಳನ್ನು ಹಿಂಡಿ ಮುಚ್ಚುತ್ತದೆ. ಚೀಲ ಸಡಿಲವಾಗಿಯೇ ಉಳಿದರೆ ಗಟ್ಟಿಮುಟ್ಟಾದ ಹೆಂಗಸೂ ಒಂದೆರಡು ಗಂಟೆಯಲ್ಲಿ ಕೈಬಿಟ್ಟುಹೋಗಬಹುದು. ಈ ಮದ್ದು 2ರಿಂದ 8 ಡಿಗ್ರಿಯ ತಂಪಿನಲ್ಲಿರಬೇಕು, ಇಲ್ಲಿನ ಬೇಸಿಗೆಯಲ್ಲಿ ಗೋಡೆಯ ಗೂಡಿನಲ್ಲಿಟ್ಟರೆ ಸತ್ವ ಇಳಿದುಹೋಗುತ್ತದೆ. ಮನೆಯೋ ಆಸ್ಪತ್ರೆಯೋ ಎಂಬ ಮಾತು ಬಂದಾಗಲೆಲ್ಲ ನನ್ನ ಕಣ್ಣಮುಂದೆ ನಿಲ್ಲುವುದು ಈ ಆಂಪೂಲು.

ಹಾಗಂತ ಈ ಕೇಂದ್ರದಲ್ಲಿ ಎಲ್ಲವೂ ಇದೆ ಎಂದಲ್ಲ. “ಆಪರೇಷನ್ ಇಲ್ಲಿಲ್ಲ, ರಕ್ತಾನೂ ಇಲ್ಲ” ಎಂದರು ಸಿಸ್ಟರ್, ಮುಚ್ಚುಮರೆಯಿಲ್ಲದೆ. ಬಿ.ಪಿ. ಏರಿದವರು, ಅವಳಿ ಬಸುರಿನವರು, ಮಗು ಅಡ್ಡ ತಿರುಗಿದವರು, ಹಿಂದೆ ಸಿಸೇರಿಯನ್ ಆದವರು, ರಕ್ತ ತೀರಾ ಕಡಿಮೆ ಇರುವವರು ಇವರನ್ನೆಲ್ಲ ನೋವು ಶುರುವಾಗುವ ಮೊದಲೇ ದೊಡ್ಡಾಸ್ಪತ್ರೆಗೆ ಬರೆದುಕೊಡುತ್ತಾರೆ. ಜಿಲ್ಲಾ ಕೇಂದ್ರ ತುಮಕೂರು ಇಲ್ಲಿಂದ ನೂರು ಕಿಲೋಮೀಟರಿನ ಆಸುಪಾಸು. ನೋವು ತಿನ್ನುತ್ತಿರುವವಳಿಗೆ ಅದು ಸಣ್ಣ ದಾರಿಯಲ್ಲ. ಆದ್ದರಿಂದ ಆಸ್ಪತ್ರೆ ಎಂದರೆ ಯಾವ ಆಸ್ಪತ್ರೆ, ಅಲ್ಲಿ ರಾತ್ರಿ ಯಾರಿರುತ್ತಾರೆ, ರಕ್ತ ಎಷ್ಟು ದೂರದಲ್ಲಿ ಸಿಗುತ್ತದೆ ಎಂದು ಏಳನೇ ತಿಂಗಳಲ್ಲೇ ಕೇಳಿಟ್ಟುಕೊಳ್ಳಬೇಕು. ದುಡ್ಡಿನ ಭಯಕ್ಕೆ ಮನೆಯಲ್ಲೇ ಉಳಿಯುವವರಿಗೆ ಇನ್ನೊಂದು ಮಾತು: 2011ರಿಂದ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧಿ, ರಕ್ತ, ವಾಪಸು ಮನೆಗೆ ಬಿಡುವ ಗಾಡಿ ಎಲ್ಲವೂ ಉಚಿತ.

ಕರ್ನಾಟಕದಲ್ಲಿ ನೂರರಲ್ಲಿ ಸುಮಾರು 97 ಹೆರಿಗೆ ಆಸ್ಪತ್ರೆಯಲ್ಲೇ ಆಗುತ್ತವೆ ಎನ್ನುತ್ತದೆ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ. ಅದೇ ಸಮೀಕ್ಷೆಯ ಪ್ರಕಾರ ನೂರರಲ್ಲಿ 31ಕ್ಕೂ ಹೆಚ್ಚು ಸಿಸೇರಿಯನ್. ಕೊಯ್ಯುವುದು ಯಾಕೆ, ಇನ್ನೂ ಕಾಯಬಹುದೇ ಎಂದು ಕೇಳುವ ಹಕ್ಕು ಬಸುರಿಗಿದೆ. ಕೇಳಿದವಳನ್ನು ಗದರಿಸುವುದು ತಪ್ಪು.

ಕೇಂದ್ರದ ಹಿಂದಿನ ಎರಡನೇ ಬೀದಿಯಲ್ಲಿ ಒಬ್ಬ ಹಳೆಯ ಸೂಲಗಿತ್ತಿಯ ಮನೆಯಿದೆ. ಇದು ಸೂಲಗಿತ್ತಿ ನರಸಮ್ಮನವರ ತಾಲ್ಲೂಕು. ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆಗಳನ್ನು ಕಾಸು ಮುಟ್ಟದೆ ಮಾಡಿಸಿ 2018ರಲ್ಲಿ ಪದ್ಮಶ್ರೀ ಪಡೆದು, ಅದೇ ವರ್ಷದ ಡಿಸೆಂಬರಿನಲ್ಲಿ ತೀರಿಕೊಂಡ ತಾಯಿ ಅವರು. ಜಗುಲಿಯ ಮೇಲೆ ಕೂತಿದ್ದ ಈ ಸೂಲಗಿತ್ತಿ ಈಗ ಹೆರಿಗೆ ಮಾಡಿಸುವುದಿಲ್ಲ. ನೀವೇನು ಮಾಡುತ್ತಿದ್ದಿರಿ ಎಂದು ಕೇಳಿದೆ. ಎದ್ದು ನನ್ನ ಹಿಂದೆ ಬಂದು ಕೂತರು. ಸೊಂಟದ ಸ್ವಲ್ಪ ಕೆಳಗೆ ಅಂಗೈ ಬುಡವಿಟ್ಟು ನಿಧಾನ ಒತ್ತಿದರು. “ನೋವು ಬಂದಾಗ ಹಿಂಗೆ. ಹೋದಾಗ ಬಿಡೋದು. ರಾತ್ರಿಯೆಲ್ಲ.”

ನನ್ನ ಮೊದಲ ಹೆರಿಗೆ ನೆನಪಾಯಿತು. ನಗರದ ಒಂದು ಆಸ್ಪತ್ರೆಯಲ್ಲಿ ಅಮ್ಮನನ್ನು ಬಾಗಿಲಾಚೆ ನಿಲ್ಲಿಸಿದ್ದರು. ಮಲಗು, ಕಿರುಚಬೇಡ ಎನ್ನುವ ದನಿಗಳಿದ್ದವು, ಬೆನ್ನ ಮೇಲೆ ಕೈಯಿರಲಿಲ್ಲ. ಹೆಂಗಸರು ಮನೆ ಬಯಸುವುದು ಹಟಕ್ಕಲ್ಲ, ಈ ಕೈಗಾಗಿ. ಹೆರಿಗೆ ಕೋಣೆಗೆ ಜೊತೆಗೊಬ್ಬ ಹೆಂಗಸನ್ನು ಬಿಡಬಹುದೆಂದು ಕೇಂದ್ರ ಸರ್ಕಾರ 2016ರಲ್ಲೇ ಹೇಳಿದೆ, ಎಷ್ಟೋ ಮನೆಗಳಿಗೆ ಈ ಸುದ್ದಿ ಇನ್ನೂ ಮುಟ್ಟಿಲ್ಲ.

ಕೇಂದ್ರಕ್ಕೆ ಮರಳಿ ಬರುವಷ್ಟರಲ್ಲಿ ಆ ಚೊಚ್ಚಲ ಬಸುರಿಯ ತಪಾಸಣೆ ಮುಗಿದಿತ್ತು. ಆಶಾ ಕಾರ್ಯಕರ್ತೆ ತಾಯಿ ಕಾರ್ಡಿನ ಹಿಂದೆ 108ರ ಕೆಳಗೆ ಪಕ್ಕದ ಬೀದಿಯ ಆಟೋದವನ ನಂಬರನ್ನೂ ಬರೆಯುತ್ತಿದ್ದರು. ಅಜ್ಜಿ ಹೆರಿಗೆ ಕೋಣೆಯ ಹೊಸ್ತಿಲ ಹತ್ತಿರ ನಿಂತು ಒಳಗೆ ಇಣುಕಿದರು.

“ಇವಳ ಹೆರಿಗೇಲಿ ನಾನು ಒಳಕ್ಕೆ ಬರಬಹುದಾ?”

“ಬನ್ನಿ ಅಜ್ಜಿ,” ಎಂದರು ಸಿಸ್ಟರ್. “ಈಗ್ಲೇ ಒಂದ್ಸಲ ನೋಡ್ಕಳಿ. ಚಪ್ಪಲಿ ಮಾತ್ರ ಹೊರಗಡೆ ಬಿಡಿ.”