'ನಾಳೆ ಬಾ' ದೆವ್ವ ಮತ್ತು ಬೆಳಗೊಳದ ಅಜ್ಜಿ: ಮಕ್ಕಳಿಗೆ ಏನು ಹೇಳೋಣ?

ದೆವ್ವದ ಚಿತ್ರಗಳನ್ನು ಇಂದು ಮಕ್ಕಳು ಮೊಬೈಲಿನಲ್ಲೇ ನೋಡುತ್ತಾರೆ. ಬೇಡವೆಂದು ಗದರಿಸಿದರೆ ಕದ್ದು ನೋಡುತ್ತಾರೆ. ಆದ್ದರಿಂದ ಇಂತಹ ಚಿತ್ರಗಳ ಹಿಂದಿರುವ ಹಳೆಯ ಕಥೆಗಳನ್ನು ಪೋಷಕರೂ ಶಿಕ್ಷಕರೂ ತಿಳಿದಿರುವುದು ಒಳ್ಳೆಯದು.

ಜನಪದ ಕಥೆಗಳಲ್ಲಿ ಭಯಕ್ಕೆ ಹೆಚ್ಚಾಗಿ ಹೆಣ್ಣಿನ ಮುಖವಿರುತ್ತದೆ. ಜರ್ಮನಿಯ ಗ್ರಿಮ್ ಸಹೋದರರು 1812ರಲ್ಲಿ ಪ್ರಕಟಿಸಿದ 'ಹ್ಯಾನ್ಸೆಲ್ ಮತ್ತು ಗ್ರೆಟೆಲ್' ಕಥೆಯಲ್ಲಿ ಮಕ್ಕಳನ್ನು ತಿನ್ನುವವಳು ಕಾಡಿನ ಮುದುಕಿ. 2020ರಲ್ಲಿ ಅದೇ ಕಥೆ ಭಯಾನಕ ಚಿತ್ರವಾಗಿ ಬಂತು. ನಮ್ಮ ರಾಜ್ಯದ್ದೂ ಒಂದು ಉದಾಹರಣೆ ಇದೆ. 1990ರ ದಶಕದಲ್ಲಿ ಬೆಂಗಳೂರಿನಲ್ಲೂ ಹಲವು ಹಳ್ಳಿಗಳಲ್ಲೂ ಒಂದು ಸುದ್ದಿ ಹಬ್ಬಿತ್ತು: ರಾತ್ರಿ ಹೆಣ್ಣು ದೆವ್ವವೊಂದು ಮನೆಯವರದೇ ದನಿಯಲ್ಲಿ ಕರೆಯುತ್ತದೆ, ಬಾಗಿಲು ತೆರೆದವರು ಸಾಯುತ್ತಾರೆ. ಜನ ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆದರು. ದೆವ್ವ ಓದಿ ಹಿಂದಿರುಗಬೇಕು, ಮರುದಿನ ಬಂದರೂ ಅದೇ ಬರಹ!

ಈ ಕಥೆಯ ಎಳೆಯಿಂದಲೇ ಅಮರ್ ಕೌಶಿಕ್ ನಿರ್ದೇಶನದ ಹಿಂದಿ ಚಿತ್ರ 'ಸ್ತ್ರೀ' ಹುಟ್ಟಿತು. ಅದು ತೆರೆಕಂಡದ್ದು 2018ರ ಆಗಸ್ಟ್ 31ರಂದು. ಕಥೆ ನಡೆಯುವ ಊರು ಮಧ್ಯಪ್ರದೇಶದ ಚಂದೇರಿ. ಆದರೆ ಚಿತ್ರ ಒಂದು ಪ್ರಶ್ನೆಯನ್ನು ಸೇರಿಸಿತು: ಆಕೆ ದೆವ್ವವಾದದ್ದೇಕೆ? ಪ್ರೀತಿಸಿದವನನ್ನು ಮದುವೆಯಾದ ಆ ಹೆಣ್ಣನ್ನು ಊರವರೇ ಕೊಂದಿದ್ದರು. ಅವಳಿಗೆ ಬೇಕಾದದ್ದು ಗೌರವ. ಕೊನೆಯಲ್ಲಿ ಊರು ಅವಳ ಮೂರ್ತಿ ನಿಲ್ಲಿಸುತ್ತದೆ, ಗೋಡೆಯ ಬರಹ 'ನಾಳೆ ಬಾ' ಎಂಬುದರಿಂದ 'ರಕ್ಷಿಸು' ಎಂದಾಗುತ್ತದೆ.

ತಿರಸ್ಕರಿಸಿದ ಹೆಣ್ಣಿಗೆ ಮೂರ್ತಿ ನಿಲ್ಲಿಸಿದ ಕಥೆ ಹಾಸನ ಜಿಲ್ಲೆಯಲ್ಲೂ ಇದೆ. ಚನ್ನರಾಯಪಟ್ಟಣ ತಾಲೂಕಿನ ಶ್ರವಣಬೆಳಗೊಳದಲ್ಲಿ ಚಾವುಂಡರಾಯನು ಸುಮಾರು 58 ಅಡಿ ಎತ್ತರದ ಗೊಮ್ಮಟನನ್ನು ಮಾಡಿಸಿ ಹಾಲಿನ ಅಭಿಷೇಕಕ್ಕೆ ನಿಂತ. ಕೊಡಗಟ್ಟಲೆ ಸುರಿದರೂ ಹಾಲು ಮೂರ್ತಿಯ ಪಾದ ಮುಟ್ಟಲಿಲ್ಲ ಎನ್ನುತ್ತದೆ ಐತಿಹ್ಯ. ಆಗ ಬಡ ಅಜ್ಜಿಯೊಬ್ಬಳು ಬದನೆ ಜಾತಿಯ ಪುಟ್ಟ ಗುಳ್ಳಕಾಯಿಯ ಚಿಪ್ಪಿನಲ್ಲಿ ಹಾಲು ತಂದಳು. ಜನ ನಕ್ಕರು. ಆ ಹಾಲೇ ಇಡೀ ಮೂರ್ತಿಯನ್ನು ತೋಯಿಸಿ ಕೆಳಗೆ ಹರಿಯಿತು. ಚಾವುಂಡರಾಯನ ಅಹಂಕಾರ ಇಳಿಯಿತು. ಗುಳ್ಳಕಾಯಜ್ಜಿಯ ಶಿಲ್ಪ ಇಂದಿಗೂ ಗೊಮ್ಮಟನಿಗೆ ಎದುರಾಗಿ ನಿಂತಿದೆ. ಒಂದು ಕಥೆಯಲ್ಲಿ ಕಾಡಿನ ಮುದುಕಿ ಮಾಟಗಾತಿ, ಇನ್ನೊಂದರಲ್ಲಿ ಅಂತಹ ಅಜ್ಜಿಯೇ ರಾಜಮಂತ್ರಿಗೆ ಪಾಠ ಕಲಿಸಿದವಳು.

ಇದು ಬರೀ ಕಥೆಯ ಮಾತಲ್ಲ. ಒಂಟಿ ವಿಧವೆಯನ್ನೋ ಮಾನಸಿಕ ಕಾಯಿಲೆಯ ಹೆಣ್ಣುಮಗಳನ್ನೋ 'ದೆವ್ವ ಹಿಡಿದವಳು' ಎಂದು ದೂರವಿಡುವುದು ಇನ್ನೂ ನಿಂತಿಲ್ಲ. ದೆವ್ವ ಬಿಡಿಸುವ ನೆಪದಲ್ಲಿ ಹೊಡೆದು ಹಿಂಸಿಸುವುದನ್ನು ಕರ್ನಾಟಕದ 2017ರ ಕಾಯ್ದೆ ಅಪರಾಧವೆಂದು ಸಾರಿದೆ. ಅದು 2020ರಲ್ಲಿ ಜಾರಿಗೆ ಬಂತು. ಆದರೆ ನೆರೆಹೊರೆಯ ಪಿಸುಮಾತನ್ನು ಯಾವ ಕಾಯ್ದೆಯೂ ತಡೆಯಲಾರದು. ಆ ಕೆಲಸ ಮನೆಯಲ್ಲೇ ಆಗಬೇಕು.

ಆದ್ದರಿಂದ ಮಕ್ಕಳು ಇಂತಹ ಚಿತ್ರ ನೋಡಿ ಹೆದರಿದಾಗ 'ದೆವ್ವ ಇಲ್ಲ, ಮಲಗು' ಎಂದಷ್ಟೇ ಹೇಳಿ ಮುಗಿಸುವುದು ಬೇಡ. 'ಅವಳಿಗೆ ಯಾರು ಅನ್ಯಾಯ ಮಾಡಿದರು?' ಎಂದು ಕೇಳೋಣ. ಚರ್ಚಿನ ಯುವಜನರು ಬೆಳಗೊಳಕ್ಕೆ ಪ್ರವಾಸ ಹೋದಾಗ ಗೊಮ್ಮಟನ ಫೋಟೋ ತೆಗೆದು ಹಿಂದಿರುಗುವ ಮುನ್ನ ಆ ಅಜ್ಜಿಯನ್ನೂ ತೋರಿಸೋಣ. ನಮ್ಮ ವಾಡೆಯಲ್ಲಿ ಯಾರೂ ಬಾಗಿಲು ತೆರೆಯದ ಅಜ್ಜಿಯೊಬ್ಬಳಿದ್ದರೆ ಅವಳಿಗೆ 'ನಾಳೆ ಬಾ' ಎನ್ನದೆ ಇಂದೇ ಒಳಗೆ ಕರೆಯೋಣ.