ಮರೆತವರ ಲೆಕ್ಕ

ಕೋಲಾರದ ಚಿನ್ನದ ಗಣಿಗಳು 2001ರ ಫೆಬ್ರುವರಿ 28ರಂದು ಮುಚ್ಚಿದವು. ಗಣಿಯ ಸಂಬಳವನ್ನೇ ನಂಬಿದ್ದ ಆಂಡರ್ಸನ್‌ಪೇಟೆಯಂತಹ ಊರಿನಲ್ಲಿ, ಕಷ್ಟ ಬಂದಾಗ ಮನೆಯೊಡವೆಯನ್ನು ಗಿರವಿ ಇಡುವುದು ಅಪರೂಪದ ಮಾತಲ್ಲ. ಒಡವೆಯೊಡನೆ ನಂಬಿಕೆಯನ್ನೂ ಪರರ ಕೈಗೆ ಒಪ್ಪಿಸಬೇಕಾಗುತ್ತದೆ.

ಪರರನ್ನು ಎಷ್ಟರಮಟ್ಟಿಗೆ ನಂಬಬಹುದು? ಉಮಾಸ್ವಾಮಿ ಆಚಾರ್ಯರ ತತ್ತ್ವಾರ್ಥಸೂತ್ರವು ಈ ಪ್ರಶ್ನೆಯನ್ನು ನಂಬಿಸಿಕೊಂಡವನ ಕಡೆಗೇ ತಿರುಗಿಸುತ್ತದೆ. ಶ್ರಾವಕನ ಸತ್ಯಾಣುವ್ರತಕ್ಕೆ ಅದು ಹೇಳುವ ಐದು ಅತಿಚಾರಗಳಲ್ಲಿ ನ್ಯಾಸಾಪಹಾರವೂ ಒಂದು. ಒತ್ತೆಯಿಟ್ಟವರು ಎಷ್ಟಿಟ್ಟೆವೆಂಬುದನ್ನು ಮರೆತು ಕಡಿಮೆ ಕೇಳಿದಾಗ, ‘ಹೌದು, ಅಷ್ಟೇ’ ಎಂದು ಕೊಟ್ಟು ಮಿಕ್ಕುದನ್ನು ಉಳಿಸಿಕೊಳ್ಳುವುದೇ ನ್ಯಾಸಾಪಹಾರ. ಆಚಾರ್ಯರು ಇದನ್ನು ಅಚೌರ್ಯದ ದೋಷಗಳೊಡನೆ ಸೇರಿಸದೆ ಸತ್ಯದ ದೋಷಗಳಲ್ಲಿ ಎಣಿಸಿದ್ದಾರೆ. ಇಲ್ಲಿ ಕನ್ನ ಹಾಕಿದವರಿಲ್ಲ, ಬೀಗ ಮುರಿದವರಿಲ್ಲ. ಒಬ್ಬರ ಮರೆವಿಗೆ ಇನ್ನೊಬ್ಬರು ಹೂಂಗುಟ್ಟಿದ್ದಾರೆ, ಅಷ್ಟೆ. ಆ ಹೂಂಕಾರವೇ ಅಸತ್ಯ.

ಆದುದರಿಂದ ಒಡವೆಯಿಡುವವರು ಚೀಟಿ ಕೇಳಿ ಪಡೆಯುವುದು ತಪ್ಪಲ್ಲ. ಅದು ವಿವೇಕ; ಇಬ್ಬರ ಮರೆವಿಗೂ ಮದ್ದು. ಆದರೆ ಚೀಟಿ ಕಳೆದುಹೋದ ದಿನ, ಇಟ್ಟ ಅಜ್ಜಿಗೆ ಬಳೆಗಳು ಎರಡೋ ನಾಲ್ಕೋ ಎಂಬುದು ನೆನಪಾಗದ ದಿನ, ಕಾವಲಿಗೆ ಉಳಿಯುವುದು ಎದುರಿಗಿರುವವನ ವ್ರತವೊಂದೇ.

ಈ ವ್ರತ ಅಂಗಡಿಯವನಿಗೆ ಮಾತ್ರ ಸಲ್ಲುವುದಲ್ಲ. ಸಂತೆಯಲ್ಲಿ ತರಕಾರಿ ಮಾರುವಾಕೆ ಲೆಕ್ಕ ತಪ್ಪಿ ಹತ್ತು ರೂಪಾಯಿ ಹೆಚ್ಚಾಗಿ ಕೊಟ್ಟಾಗ, ಮೌನವಾಗಿ ಜೇಬಿಗಿಳಿಸುವ ಗಿರಾಕಿಯ ದೋಷವೂ ಇದಕ್ಕೆ ದೂರವಲ್ಲ. ಲೋಕವೆಲ್ಲ ಪ್ರಾಮಾಣಿಕವಾದ ಮೇಲೆ ತಾನೂ ಆಗುವೆನೆಂದು ಕಾಯುವವನಿಗೆ ಆ ದಿನ ಬರುವುದೇ ಇಲ್ಲ. ಪರರು ನಂಬಬಹುದಾದ ಒಬ್ಬ ವ್ಯಕ್ತಿಯನ್ನು ಊರಿಗೆ ಸೇರಿಸುವುದು ಪ್ರತಿಯೊಬ್ಬ ಶ್ರಾವಕನಿಗೂ ಇಂದೇ ಸಾಧ್ಯ.